ಬಯಲುನಾಡಿನ ಶಾಲೆಯಲ್ಲಿ ಕಡಲ ತೊಟ್ಟಿ: ಸಲಕರಣೆಗಳ ಆಯ್ಕೆಯನ್ನು ಕುರಿತು

ಸುರೇಬಾನದಂತಹ ಒಣನಾಡಿನ ಊರಿನಲ್ಲಿದ್ದುಕೊಂಡು ಕಡಲಿನ ಮಾತನ್ನೆತ್ತುವುದು ಮೇಲುನೋಟಕ್ಕೆ ಅಸಂಗತವೆನಿಸಬಹುದು. ಪಶ್ಚಿಮಘಟ್ಟದ ಕಣಕುಂಬಿಯಲ್ಲಿ, ಅರಬ್ಬೀ ಸಮುದ್ರಕ್ಕೆ ಅಷ್ಟೊಂದು ಸಮೀಪದಲ್ಲಿ ಹುಟ್ಟಿದ ಮಲಪ್ರಭೆ ಕೂಡ ಆ ಸಮುದ್ರಕ್ಕೆ ಬೆನ್ನುಮಾಡಿ, ರಾಮದುರ್ಗವನ್ನು ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಬೆರೆತು ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಆದರೆ ಭೂವಿಜ್ಞಾನದ ದೃಷ್ಟಿಯಿಂದ ಈ ನೆಲಕ್ಕೂ ಕಡಲಿಗೂ ಬಹು ಹಳೆಯ ನಂಟುಂಟು. ಬಾಗಲಕೋಟೆ ಬೆಳಗಾವಿ ಜಿಲ್ಲೆಗಳಲ್ಲಿ ಹಬ್ಬಿರುವ ಕಲಾದಗಿ ಶಿಲಾಸಮೂಹದ ಪದರಗಳಿಗೆ ಶಾಸ್ತ್ರಜ್ಞರು ರಾಮದುರ್ಗ, ಸವದತ್ತಿ, ಲೋಕಾಪುರ ಎಂದು ನಮ್ಮ ಊರುಗಳ ಹೆಸರುಗಳನ್ನೇ ಇಟ್ಟಿದ್ದಾರೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲಿನಲ್ಲಿ ಈ ಪದರಗಳು ಒಂದರ ಮೇಲೊಂದು ಕೂಡಿಕೊಂಡವು. ಇಲ್ಲಿಯ ಸುಣ್ಣಕಲ್ಲಿನಲ್ಲಿ ಕಾಣುವ ಸ್ಟ್ರೊಮಟೊಲೈಟ್ ಎಂಬ ಗುಮ್ಮಟದಾಕಾರದ ಪಡಿಯಚ್ಚುಗಳು ಹವಳಗಳಿನ್ನೂ ಭೂಮಿಯ ಮೇಲೆ ಹುಟ್ಟದಿದ್ದ ಕಾಲದಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ದಿಬ್ಬಗಳ ಉಳಿಕೆಗಳು. ಆದುದರಿಂದ ನಮ್ಮ ಮಕ್ಕಳು ಗಾಜಿನ ತೊಟ್ಟಿಯೊಂದರಲ್ಲಿ ಕಡಲಿನ ಬದುಕನ್ನು ಕಾಣಬೇಕೆಂಬ ಅಪೇಕ್ಷೆಯಲ್ಲಿ ಅನುಚಿತವಾದುದೇನೂ ಇಲ್ಲ.

ಈ ಅಪೇಕ್ಷೆಯನ್ನು ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಸಂಸ್ಥೆಯ ಮುಂದೆ ಇಟ್ಟಿರುವರು. ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿರುವ ಅವರು ಅಲ್ಲಿಯ ಅಂಗಡಿಗಳಲ್ಲಿಯೂ ಶ್ರೀಮಂತರ ಮನೆಗಳಲ್ಲಿಯೂ ನೀಲಿ ಬೆಳಕಿನ ಕೆಳಗೆ ಮಿನುಗುವ ಹವಳದ ತೊಟ್ಟಿಗಳನ್ನು ಕಂಡು, ಅಂತಹುದೊಂದು ತಾವು ಕಲಿತ ಶಾಲೆಯ ವಿಜ್ಞಾನ ಕೊಠಡಿಯಲ್ಲಿರಲೆಂದು ಬಯಸಿದ್ದಾರೆ. ಉದ್ದೇಶ ಸ್ತುತ್ಯವಾದುದು. ಆದರೆ ತೊಟ್ಟಿಯನ್ನು ಕೊಡುವುದು ಸುಲಭ, ಅದರೊಳಗಿನ ಜೀವಗಳನ್ನು ಬಾಳಿಸುವುದು ಕಷ್ಟ. ದೇಣಿಗೆ ನೀಡುವವರ ಮನಸ್ಸಿನಲ್ಲಿ ಸಹಜವಾಗಿಯೇ ಉದ್ಘಾಟನೆಯ ದಿನದ ಚಿತ್ರವಿರುತ್ತದೆ. ಶಿಕ್ಷಕರ ಮನಸ್ಸಿನಲ್ಲಿ ಇರಬೇಕಾದುದು ಮೇ ತಿಂಗಳ ಒಂದು ಮಧ್ಯಾಹ್ನದ ಚಿತ್ರ: ಶಾಲೆಗೆ ಬೇಸಿಗೆಯ ರಜೆ, ಕೊಠಡಿಗೆ ಬೀಗ, ಹೊರಗೆ ಬೆಂಕಿಯಂತಹ ಬಿಸಿಲು, ಮೇಲೆ ವಿದ್ಯುತ್ತೂ ಹೋಗಿದೆ. ಆ ಮಧ್ಯಾಹ್ನವನ್ನು ದಾಟಿಸಬಲ್ಲ ಸಲಕರಣೆ ಯಾವುದೋ ಅದೇ ನಮಗೆ ಬೇಕಾದ ಸಲಕರಣೆ. ಪ್ರಸ್ತುತ ಲೇಖನದಲ್ಲಿ ಪ್ರತಿಯೊಂದು ಉಪಕರಣವನ್ನೂ ಈ ಒರೆಗಲ್ಲಿಗೆ ಹಚ್ಚಿ ನೋಡಲಾಗಿದೆ.

ಸಲಕರಣೆಗಿಂತ ಮೊದಲು ತೊಟ್ಟಿಯಲ್ಲಿ ಏನನ್ನು ಇರಿಸಬೇಕೆಂಬುದು ನಿಶ್ಚಯವಾಗಬೇಕು. ಹವಳವು ಕಲ್ಲಲ್ಲ, ಗಿಡವಲ್ಲ, ಪ್ರಾಣಿ. ಕೋಟಿಗಟ್ಟಲೆ ಪುಟ್ಟ ಪ್ರಾಣಿಗಳು ನೀರಿನೊಳಗಿನ ಸುಣ್ಣವನ್ನು ಹೀರಿ ತಮ್ಮ ಸುತ್ತ ಗೂಡು ಕಟ್ಟಿಕೊಳ್ಳುತ್ತವೆ. ಅವುಗಳ ಮೈಯಲ್ಲಿ ನೆಲಸಿದ ಪಾಚಿಯ ಕಣಗಳು ಬೆಳಕಿನಿಂದ ಆಹಾರವನ್ನು ತಯಾರಿಸಿ ಆಶ್ರಯದಾತರಿಗೆ ಪಾಲು ಕೊಡುತ್ತವೆ. ನಮ್ಮ ದೇಶದಲ್ಲಿ ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್, ಮನ್ನಾರ್ ಕೊಲ್ಲಿ, ಕಚ್ಛ್ ಕೊಲ್ಲಿಗಳಲ್ಲಿ ಹವಳದ ದಿಬ್ಬಗಳಿವೆ. ಕರ್ನಾಟಕದಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳುಂಟು. ಇವು ಅಂಗಡಿಯ ಸರಕಲ್ಲ. ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲವನ್ನೂ, ಕಪ್ಪುಹವಳ, ಬೆಂಕಿಹವಳ, ಕಡಲ ಬೀಸಣಿಗೆಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಸೇರಿಸಲಾಯಿತು. ಕಡಲಕುದುರೆಗೂ ಆಗಲೇ ಆ ರಕ್ಷಣೆ ದೊರೆಯಿತು. 2022ರ ತಿದ್ದುಪಡಿಯ ನಂತರವೂ ಹವಳಗಳಿಗೆ ರಕ್ಷಣೆ ಮುಂದುವರಿದಿದೆ. ಹಿಡಿಯುವುದಷ್ಟೇ ಅಲ್ಲ, ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಪರಾಧವೆನಿಸುವ ಪ್ರಾಣಿಗಳಿವು. ನಗರದ ಅಂಗಡಿಯೊಂದರಲ್ಲಿ ಅವು ದೊರೆಯುತ್ತವೆಂಬ ಕಾರಣಕ್ಕೆ ವಿದ್ಯಾಸಂಸ್ಥೆಯೊಂದು ಅವನ್ನು ತಂದಿರಿಸುವಂತಿಲ್ಲ. ‘ಜೀವಶಿಲೆ’ ಎಂಬ ಹೆಸರಿನಿಂದ ಮಾರುವ, ಸಮುದ್ರದಿಂದ ಕಿತ್ತು ತಂದ ಹವಳದ ಬಂಡೆಯ ತುಂಡುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಹಾಗಾದರೆ ಉಳಿಯುವುದೇನು? ಬೇಕಾದಷ್ಟು ಉಳಿಯುತ್ತದೆ. ದಿಬ್ಬದ ಮಾದರಿಯಲ್ಲಿ ಜೋಡಿಸಿದ ಕೃತಕ ಶಿಲೆ, ಅದರ ಸಂದುಗೊಂದಿಗಳಲ್ಲಿ ಬಸವನಹುಳು, ಸಂನ್ಯಾಸಿ ಏಡಿ, ಹಸಿರು ಕಡಲಪಾಚಿ, ಇವುಗಳ ನಡುವೆ ಒಂದು ಜೊತೆ ಕ್ಲೌನ್ ಮೀನು. ಈ ಕಿತ್ತಳೆಬಣ್ಣದ ಬಿಳಿಪಟ್ಟೆಯ ಮೀನನ್ನು ಸಮುದ್ರದಿಂದ ಹಿಡಿಯದೆ ಸಾಕುಕೊಳಗಳಲ್ಲಿಯೇ ಮರಿಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ರೂಢಿಗೆ ತರಲಾಗಿದೆ. ಈ ಮೀನುಗಳೆಲ್ಲವೂ ಮೊದಲು ಗಂಡಾಗಿಯೇ ಬೆಳೆದು, ಗುಂಪಿನಲ್ಲಿ ಪ್ರಬಲವಾದುದು ಹೆಣ್ಣಾಗಿ ಮಾರ್ಪಡುತ್ತದೆಂಬ ಒಂದು ಸಂಗತಿಯೇ ಜೀವಶಾಸ್ತ್ರದ ಒಂದು ಪಾಠಕ್ಕೆ ಸಾಕು. ಸಲಕರಣೆಯ ಆಯ್ಕೆಯೂ ಈ ನಿರ್ಧಾರದಿಂದ ಹಗುರವಾಗುತ್ತದೆ. ಕಲ್ಲುಹವಳಕ್ಕೆ ಬೇಕಾಗುವ ಅತಿ ದುಬಾರಿಯ ದೀಪ, ಸುಣ್ಣವನ್ನು ಹನಿಹನಿಯಾಗಿ ಉಣಿಸುವ ಯಂತ್ರಗಳು ನಮ್ಮ ಪಟ್ಟಿಯಿಂದ ತಾವಾಗಿಯೇ ಬಿಟ್ಟುಹೋಗುತ್ತವೆ.

ಇಂತಹ ತೊಟ್ಟಿಗೆ ಯಂತ್ರಗಳು ಅಷ್ಟೇಕೆ ಬೇಕೆಂದು ಕೇಳುವವರುಂಟು. ಪ್ರಶ್ನೆ ಯೋಗ್ಯವಾದುದು. ಇಂಡೋನೇಷಿಯದ ಜಕಾರ್ತಾ ನಗರದ ಲೀ ಚಿನ್ ಎಂಗ್ ಎಂಬಾತ ಹವಳಗಳನ್ನೂ ಮೀನುಗಳನ್ನೂ ಒಂದೇ ತೊಟ್ಟಿಯಲ್ಲಿ ಬಾಳಿಸಿದ ತನ್ನ ಕ್ರಮವನ್ನು 1961ರಲ್ಲಿ ಪ್ರಕಟಿಸಿದಾಗ ಜಗತ್ತಿನ ಮೀನುಸಾಕಣೆಗಾರರು ಬೆರಗಾದರು. ಆತನ ಬಳಿ ಇದ್ದುದು ಸಮುದ್ರದ ನೀರು, ಸಮುದ್ರದ ಬಂಡೆ, ಬಿಸಿಲು ಮತ್ತು ಗಾಳಿಯ ಗುಳ್ಳೆ, ಇಷ್ಟೆ. ಆದರೆ ಜಕಾರ್ತಾ ಕಡಲತೀರದ ನಗರ. ಅಲ್ಲಿಯ ಹವೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ತೆರ. ಕಡಲಿನಿಂದ ದೂರ ಸರಿದಷ್ಟೂ, ಅದು ಪುಕ್ಕಟೆಯಾಗಿ ಕೊಡುತ್ತಿದ್ದುದನ್ನು ನಾವು ಯಂತ್ರದಿಂದ ಪಡೆಯಬೇಕಾಗುತ್ತದೆ. ಸುರೇಬಾನಕ್ಕೆ ಬೇಕಾಗುವ ಪಟ್ಟಿ ಜಕಾರ್ತಾದ ಪಟ್ಟಿಯಂತಿರಲಾರದು, ಮುಂಬಯಿಯ ಅಂಗಡಿಯವರು ಬರೆದುಕೊಡುವ ಪಟ್ಟಿಯಂತೆಯೂ ಇರಲಾರದು.

ಮೊದಲು ತೊಟ್ಟಿ. ಹೊಸಬರಿಗೆ ಚಿಕ್ಕ ತೊಟ್ಟಿ ಸುಲಭವೆಂಬ ತಿಳಿವಳಿಕೆ ಎಲ್ಲೆಡೆ ಹಬ್ಬಿದೆ. ಉಪ್ಪುನೀರಿನ ಮಟ್ಟಿಗೆ ಅದು ತಲೆಕೆಳಗಾದ ತಿಳಿವಳಿಕೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನೀರು ಆವಿಯಾದಾಗ ಉಪ್ಪು ಹಿಂದೆ ಉಳಿಯುತ್ತದೆ. 40 ಲೀಟರಿನ ತೊಟ್ಟಿಯಿಂದ 2 ಲೀಟರ್ ಆರಿದರೆ ಲವಣಾಂಶ 35ರಿಂದ 36.8ಕ್ಕೆ ಏರುತ್ತದೆ, 100 ಲೀಟರಿನ ತೊಟ್ಟಿಯಲ್ಲಿ ಅದೇ 2 ಲೀಟರ್ ಆರಿದಾಗ 35.7ಕ್ಕೆ ನಿಲ್ಲುತ್ತದೆ. ಬಿಸಿಯೂ ಹಾಗೆಯೇ, ಚಿಕ್ಕ ಪಾತ್ರೆ ಬೇಗ ಕಾಯುತ್ತದೆ. ಅಂದಮೇಲೆ ತೀರ ದೊಡ್ಡದೂ ಶಾಲೆಗೆ ನಿಭಾಯಿಸಲು ಆಗದು. ಉದ್ದ 60, ಅಗಲ 45, ಎತ್ತರ 45 ಸೆಂಟಿಮೀಟರಿನ ತೊಟ್ಟಿ 120 ಲೀಟರ್ ಹಿಡಿಯುತ್ತದೆ. ಮರಳು, ಶಿಲೆ, ಮೇಲಿನ ಬಿಡುವು ಕಳೆದರೆ ನೀರು ಸುಮಾರು 100 ಲೀಟರ್. ಲೆಕ್ಕ ಮಾಡುವುದಕ್ಕೂ ಇದು ಅನುಕೂಲ: ಒಂದು ಲೀಟರೆಂದರೆ ನೂರಕ್ಕೆ ಒಂದು ಪಾಲು. ಗಾಜು 10 ಮಿಲಿಮೀಟರ್ ದಪ್ಪದ್ದಿರಲಿ.

ಶಿಲೆ, ಮರಳು, ಗಾಜು ಎಲ್ಲ ಸೇರಿ ಇದರ ಭಾರ ಒಂದೂವರೆ ಕ್ವಿಂಟಲನ್ನು ಮುಟ್ಟುತ್ತದೆ. ಅಂಗಡಿಯ ಕಬ್ಬಿಣದ ಸ್ಟ್ಯಾಂಡು ಉಪ್ಪಿನ ತೇವಕ್ಕೆ ಎರಡು ವರ್ಷದಲ್ಲಿ ತುಕ್ಕು ಹಿಡಿಯುತ್ತದೆ. ನಮ್ಮ ಕಡೆಯಲ್ಲಿ ಅದಕ್ಕಿಂತ ಉತ್ತಮವಾದುದು ಅಗ್ಗವಾಗಿಯೇ ಸಿಗುತ್ತದೆ: ಇಟ್ಟಿಗೆಯ ಎರಡು ಕಟ್ಟೆ, ಮೇಲೊಂದು ದಪ್ಪ ಪರಸಿ ಕಲ್ಲು. ಗೌಂಡಿ ರಸಮಟ್ಟ ಹಿಡಿದು ನೋಡಿದ ಮೇಲೆ ಕಲ್ಲಿನ ಮೇಲೆ ಥರ್ಮೋಕೋಲ್ ಹಾಳೆ ಹಾಸಿ ತೊಟ್ಟಿಯನ್ನು ಇರಿಸಬೇಕು. ನೆಲಮಹಡಿಯಲ್ಲಿ, ಉತ್ತರದ ಗೋಡೆಯ ಬದಿಗೆ, ಬಿಸಿಲು ನೇರವಾಗಿ ಬೀಳದ ದಪ್ಪ ಗೋಡೆಯ ಕೊಠಡಿಯನ್ನು ಆರಿಸುವುದು ಸಾವಿರಾರು ರೂಪಾಯಿಗಳ ಯಂತ್ರವೊಂದನ್ನು ಉಳಿಸಿದಂತೆ. ಮುಖ್ಯೋಪಾಧ್ಯಾಯರ ಕೊಠಡಿಯ ಎದುರಿನ ಪಡಸಾಲೆಯಲ್ಲಿದ್ದರೆ ಬಂದವರಿಗೆಲ್ಲ ಕಾಣುತ್ತದೆಂಬ ಸಲಹೆ ಬಂದೇ ಬರುತ್ತದೆ. ಅದನ್ನು ವಿನಯದಿಂದ ನಿರಾಕರಿಸಬೇಕು.

ಇನ್ನು ನೀರು. ಈ ಭಾಗದ ಕೊಳವೆಬಾವಿಯ ನೀರು ಎಂತಹುದೆಂಬುದನ್ನು ಪಾತ್ರೆಗಳ ತಳದಲ್ಲಿ ಕಟ್ಟುವ ಬಿಳಿಯ ಹಿಟ್ಟೇ ಹೇಳುತ್ತದೆ. ಅದರಲ್ಲಿ ಯಾವ ಲವಣ ಎಷ್ಟಿದೆಯೆಂಬುದು ಬಾವಿಯಿಂದ ಬಾವಿಗೆ ಬದಲಾಗುತ್ತದೆ. ಹೊಲಗಳಿಗೆ ಹಾಕಿದ ಗೊಬ್ಬರದ ನೈಟ್ರೇಟೂ ಸೇರಿರಬಹುದು. ಕಡಲಿನ ಉಪ್ಪನ್ನು ಇದರಲ್ಲಿ ಕರಗಿಸಿದರೆ ಮೊದಲ ತಿಂಗಳಲ್ಲಿಯೇ ಪಾಚಿಯ ಹಾವಳಿ. ಬೇಕಾದುದು ಲವಣವೆಲ್ಲ ತೆಗೆದ ನೀರು. ಕರಗಿದ ಘನವಸ್ತುವನ್ನು ಅಳೆಯುವ ಟಿಡಿಎಸ್ ಮಾಪಕವು ಸೊನ್ನೆಯನ್ನು, ಇಲ್ಲವೆ ಅದರ ಸಮೀಪವನ್ನು ತೋರಿಸಬೇಕು. ಮನೆಗಳಲ್ಲಿ ಬಳಸುವ ಆರ್‌ಓ ಯಂತ್ರ ಅಲ್ಲಿಯವರೆಗೆ ಹೋಗುವುದಿಲ್ಲ, ರುಚಿಗಾಗಿ ಒಂದಿಷ್ಟು ಲವಣವನ್ನು ಉಳಿಸುತ್ತದೆ. ಅಲ್ಲದೆ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರನ್ನು ಹೊರಗೆ ಚೆಲ್ಲುತ್ತದೆ. ನೀರಿಗಾಗಿ ಕೊಡ ಸಾಲುಗಟ್ಟುವ ನಾಡಿನಲ್ಲಿ ಮೀನಿಗಾಗಿ ಹೀಗೆ ಚೆಲ್ಲುವುದನ್ನು ಮಕ್ಕಳಿಗೆ ತೋರಿಸಬಾರದು.

ಇದಕ್ಕೆ ಒಂದು ಉಪಾಯವಿದೆ. ನಮ್ಮ ಭಾಗದ ಹಲವು ಊರುಗಳಲ್ಲಿ ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಆ ನೀರಿನಲ್ಲಿ ಬಹುಪಾಲು ಲವಣ ಆಗಲೇ ಹೋಗಿರುತ್ತದೆ. ಅದನ್ನು ಶಾಲೆಯಲ್ಲಿ ಅಯಾನು ವಿನಿಮಯದ ರಾಳ ತುಂಬಿದ ಒಂದು ಕೊಳವೆಯ ಮೂಲಕ ನಿಧಾನವಾಗಿ ಹರಿಸಿದರೆ ಮಾಪಕ ಸೊನ್ನೆಗೆ ಇಳಿಯುತ್ತದೆ. ಒಂದು ಹನಿಯೂ ವ್ಯರ್ಥವಾಗುವುದಿಲ್ಲ. ರಾಳ ತೀರಿತೆಂಬುದನ್ನು ಮಾಪಕವೇ ತಿಳಿಸುತ್ತದೆ. ಬ್ಯಾಟರಿಗೆ ಹಾಕುವ ನೀರನ್ನು ತರಬಹುದಲ್ಲವೇ ಎಂದರೆ, ತರಬಹುದು, ಆದರೆ ಪ್ರತಿ ಡಬ್ಬಿಯನ್ನೂ ಅಳೆದು ನೋಡಿದ ಮೇಲೆ ಮಾತ್ರ. ಟಿಡಿಎಸ್ ಮಾಪಕ ಪೆನ್ನಿನಷ್ಟು ಚಿಕ್ಕದು, ಈ ಇಡೀ ಪಟ್ಟಿಯಲ್ಲಿ ಅತ್ಯಂತ ಅಗ್ಗವಾದುದು. ದಾನಿಗಳು ಮೊದಲು ಅದನ್ನೇ ಕೊಳ್ಳಲಿ.

ಕಾರವಾರದಿಂದಲೋ ಮುರುಡೇಶ್ವರದಿಂದಲೋ ಲಾರಿಯಲ್ಲಿ ಸಮುದ್ರದ ನೀರನ್ನೇ ತರಿಸಬಹುದೆಂದು ಹೇಳುವವರಿದ್ದಾರೆ. ಮಳೆಗಾಲದಲ್ಲಿ ಕಾಳಿ, ಶರಾವತಿಯಂತಹ ನದಿಗಳು ತುಂಬಿ ಬಂದಾಗ ದಡದ ನೀರಿನ ಉಪ್ಪೇ ಇಳಿದುಹೋಗುತ್ತದೆ; ಉಳಿದ ಕಾಲದಲ್ಲಿ ದೋಣಿಗಳ ಎಣ್ಣೆ, ಕೊಳೆ. ಚೀಲದ ಉಪ್ಪೇ ಮೇಲು. ಅಡುಗೆಯ ಉಪ್ಪು ಇದಕ್ಕೆ ಸಲ್ಲದು. ಸಮುದ್ರದ ಲವಣದಲ್ಲಿ ಸೋಡಿಯಂ ಕ್ಲೋರೈಡಿನ ಪಾಲು ನೂರಕ್ಕೆ 78ರಷ್ಟು. ಉಳಿದುದು ಮೆಗ್ನೀಷಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಷಿಯಂ ಮತ್ತು ಕ್ಷಾರತೆಯನ್ನು ಕೊಡುವ ಬೈಕಾರ್ಬೊನೇಟ್. ಇವೆಲ್ಲವನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿದ ಕೃತಕ ಸಮುದ್ರಲವಣ ಮಾರಾಟಕ್ಕಿದೆ. ತೇವಾಂಶವೂ ಸೇರಿರುವುದರಿಂದ ಲೀಟರಿಗೆ 38ರಿಂದ 40 ಗ್ರಾಂ ಬೇಕಾಗುತ್ತದೆ. 100 ಲೀಟರಿಗೆ 4 ಕಿಲೋಗ್ರಾಂ. ವಾರಕ್ಕೆ 10 ಲೀಟರ್ ನೀರನ್ನು ಬದಲಿಸಿದರೆ ವಾರಕ್ಕೆ 400 ಗ್ರಾಂ, ವರ್ಷಕ್ಕೆ ಸುಮಾರು 21 ಕಿಲೋಗ್ರಾಂ. ತೊಟ್ಟಿಯ ಬೆಲೆ ಒಮ್ಮೆ ಕೊಡುವಂತಹುದು, ಉಪ್ಪಿನ ಬೆಲೆ ವರ್ಷ ವರ್ಷವೂ ಕೊಡಬೇಕಾದುದು. ದೇಣಿಗೆಯ ಮಾತುಕತೆಯಲ್ಲಿ ಇದೊಂದು ಅಂಶವನ್ನು ಮುಚ್ಚಿಡದೆ ಹೇಳಬೇಕು.

ಲವಣಾಂಶವನ್ನು ಅಳೆಯುವುದಕ್ಕೆ ಬೆಳಕಿನ ವಕ್ರೀಭವನವನ್ನು ಆಧರಿಸಿದ ರಿಫ್ರ್ಯಾಕ್ಟೋಮೀಟರ್ ಉತ್ತಮ. ಅದನ್ನು ಬರಿಯ ಶುದ್ಧ ನೀರಿನಲ್ಲಿ ಸರಿಪಡಿಸಿದರೆ ಸಾಲದು. 35ರ ಲವಣಾಂಶವುಳ್ಳ ಪ್ರಮಾಣ ದ್ರಾವಣದಿಂದ ಪರೀಕ್ಷಿಸಬೇಕು. ಸಮುದ್ರದ ನೀರಿನ ಸಾಪೇಕ್ಷ ಸಾಂದ್ರತೆ ಸುಮಾರು 1.026. ಅದು ಹಾಲಿನದಕ್ಕಿಂತ ಒಂದಿಷ್ಟೇ ಕಡಿಮೆ. ಹೈನಿನ ಸಂಘದಿಂದ ಲ್ಯಾಕ್ಟೋಮೀಟರೊಂದನ್ನು ಎರವಲು ತಂದು ಎರಡರಲ್ಲಿಯೂ ತೇಲಿಬಿಟ್ಟು ತೋರಿಸಿದರೆ ಏಳನೆಯ ತರಗತಿಯ ಮಕ್ಕಳಿಗೂ ತತ್ತ್ವ ಮನದಟ್ಟಾಗುತ್ತದೆ.

ಈಗ ಮೇ ತಿಂಗಳ ಮಧ್ಯಾಹ್ನಕ್ಕೆ ಬರೋಣ. ಹವಳದ ದಿಬ್ಬದ ಜೀವಿಗಳಿಗೆ ಒಗ್ಗುವ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್. 28ರವರೆಗೆ ತಾಳುತ್ತವೆ, 30ನ್ನು ದಾಟಿದರೆ ನರಳುತ್ತವೆ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಹೊರಗಿನ ಉಷ್ಣತೆ 38, 40ನ್ನು ಮುಟ್ಟುತ್ತದೆ. ಅಂಗಡಿಯವರು ಕೂಡಲೇ ಚಿಲ್ಲರ್ ಎಂಬ ತಂಪುಯಂತ್ರವನ್ನು ಸೂಚಿಸುತ್ತಾರೆ. ಅದು ಕೆಲಸ ಮಾಡುತ್ತದೆಂಬುದರಲ್ಲಿ ಸಂದೇಹವಿಲ್ಲ; ಆದರೆ ದುಬಾರಿ, ನೀರಿನಿಂದ ತೆಗೆದ ಬಿಸಿಯನ್ನು ಅದೇ ಕೊಠಡಿಯೊಳಗೆ ಉಗುಳುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ವಿದ್ಯುತ್ತು ಹೋದ ಗಳಿಗೆಯಲ್ಲಿ ಸುಮ್ಮನಾಗುತ್ತದೆ.

ಒಣನಾಡಿನವರಿಗೆ ತಂಪಿನ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಮಣ್ಣಿನ ಗಡಿಗೆಯ ನೀರು ಬೇಸಿಗೆಯಲ್ಲಿ ತಣ್ಣಗಿರುವುದು ಮೈಯಿಂದ ಒಸರಿದ ನೀರು ಆವಿಯಾಗುವಾಗ ಬಿಸಿಯನ್ನು ಹೊತ್ತೊಯ್ಯುವುದರಿಂದ. ಗಾಳಿ ಒಣಗಿದಷ್ಟೂ ಆವಿಯಾಗುವಿಕೆ ಹೆಚ್ಚು. ಕಾರವಾರ, ಮಂಗಳೂರುಗಳ ತೇವದ ಹವೆಯಲ್ಲಿ ಈ ಉಪಾಯ ಹೆಚ್ಚು ಫಲಿಸದು. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳ ಒಣಗಾಳಿಯಲ್ಲಿ ಅದು ಚೆನ್ನಾಗಿ ಫಲಿಸುತ್ತದೆ. ಕಡಲು ನಮ್ಮಿಂದ ದೂರವಿರುವುದರಿಂದ ದೊರೆಯುವ ಒಂದೇ ಒಂದು ಲಾಭ ಇದೆಂದರೂ ಸಲ್ಲುತ್ತದೆ. ಒಂದು ಲೀಟರ್ ನೀರು ಆವಿಯಾಗುವುದಕ್ಕೆ ಸುಮಾರು 580 ಕಿಲೊಕ್ಯಾಲೊರಿ ಶಾಖ ಬೇಕು. ಅಷ್ಟೂ ತೊಟ್ಟಿಯಿಂದಲೇ ಹೋದರೆ 100 ಲೀಟರ್ ನೀರು 5.8 ಡಿಗ್ರಿ ತಂಪಾಗಬೇಕು. ಸುತ್ತಲಿನ ಬಿಸಿ ಒಳಗೆ ನುಗ್ಗುವುದರಿಂದ ಅಷ್ಟೂ ದಕ್ಕುವುದಿಲ್ಲ, ಆದರೂ ಒಳ್ಳೆಯ ಪಾಲು ದಕ್ಕುತ್ತದೆ. ಇದಕ್ಕೆ ಬೇಕಾದ ಯಂತ್ರವೆಂದರೆ ಕಂಪ್ಯೂಟರಿನೊಳಗೆ ಇರುವಂತಹ 12 ವೋಲ್ಟಿನ ಎರಡು ಪುಟ್ಟ ಫ್ಯಾನುಗಳು, ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಕಟ್ಟಿದವು. ತೊಟ್ಟಿಯ ಮೇಲೆ ಗಾಜಿನ ಮುಚ್ಚಳ ಬೇಡ, ಮೀನು ಹಾರದಂತೆ ಬಲೆ ಇರಲಿ.

ಫ್ಯಾನು ತಂಪನ್ನು ಕೊಡುತ್ತದೆ, ಬದಲಿಗೆ ನೀರನ್ನು ಕೇಳುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಎರಡರಿಂದ ನಾಲ್ಕು ಲೀಟರ್ ಆರಿಹೋಗಬಹುದು. ಮೂರು ಲೀಟರೆಂದು ಹಿಡಿದು ನಾಲ್ಕು ದಿನ ಯಾರೂ ನೋಡದಿದ್ದರೆ 12 ಲೀಟರ್ ಕಡಿಮೆಯಾಗಿ ಲವಣಾಂಶ 39.8ಕ್ಕೆ ಏರುತ್ತದೆ. ಇಷ್ಟು ಬೇಗ ಏರಿದ ಉಪ್ಪು ತೊಟ್ಟಿಯ ಜೀವಿಗಳಿಗೆ ಒಳ್ಳೆಯದಲ್ಲ. ಆದುದರಿಂದ ಹೊಸಬರ ಪಟ್ಟಿಗಳಲ್ಲಿ ‘ಬೇಕಿದ್ದರೆ’ ಎಂದು ಕೊನೆಯಲ್ಲಿ ಬರುವ ಉಪಕರಣವೊಂದು ನಮ್ಮ ಪಟ್ಟಿಯಲ್ಲಿ ಮೊದಲ ಸಾಲಿಗೆ ಬರುತ್ತದೆ. ನೀರಿನ ಮಟ್ಟ ಇಳಿದೊಡನೆ ಪಕ್ಕದ ಡಬ್ಬಿಯಿಂದ ತಾನಾಗಿ ನೀರು ಬಿಡುವ ಪೂರಣ ಸಾಧನವೇ ಅದು. ಎತ್ತರದಲ್ಲಿಟ್ಟ ಡಬ್ಬಿ, ತೇಲುಬುರುಡೆಯ ಪ್ಲಾಸ್ಟಿಕ್ ಕವಾಟ, ಒಂದು ಕೊಳವೆ, ಇಷ್ಟಿದ್ದರೆ ವಿದ್ಯುತ್ತಿನ ಹಂಗೂ ಬೇಡ. ಮನೆಯ ಮೇಲಿನ ನೀರಿನ ಟಾಕಿಯಲ್ಲಿ ಇರುವುದೂ ಇದೇ ತತ್ತ್ವ. ಹಿತ್ತಾಳೆಯ ಕವಾಟ ಮಾತ್ರ ಕೂಡದು. ಅದರೊಳಗಿನ ತಾಮ್ರ ಕರಗಿದರೆ ಏಡಿ, ಬಸವನಹುಳುಗಳಿಗೆ ವಿಷ. ಡಬ್ಬಿಯಲ್ಲಿ ಇರಬೇಕಾದುದು ಉಪ್ಪಿಲ್ಲದ ಶುದ್ಧ ನೀರು. ಆರಿದುದು ನೀರು, ಉಪ್ಪಲ್ಲ. ಡಬ್ಬಿ 20 ಲೀಟರಿನದಾದರೆ ಆರೇಳು ದಿನಕ್ಕೆ ಸಾಲುತ್ತದೆ. ತೀರ ದೊಡ್ಡದನ್ನು ಇಡಲಾಗದು. ಕವಾಟ ಸಿಕ್ಕಿಹಾಕಿಕೊಂಡ ದಿನ ಅಷ್ಟೂ ನೀರು ತೊಟ್ಟಿಗೆ ಇಳಿದು ಉಪ್ಪನ್ನು ತೆಳುಮಾಡಿಬಿಡುತ್ತದೆ.

ವಿದ್ಯುತ್ತು ಹೋದಾಗ ಮೊದಲು ಕೊರತೆಯಾಗುವುದು ಆಮ್ಲಜನಕ. ಒಂದೇ ಉಷ್ಣತೆಯಲ್ಲಿ ಕಡಲಿನ ನೀರು ಸಿಹಿನೀರಿಗಿಂತ ಐದನೆಯ ಒಂದು ಪಾಲಿನಷ್ಟು ಕಡಿಮೆ ಆಮ್ಲಜನಕವನ್ನು ಹಿಡಿಯುತ್ತದೆ. ನೀರು ಬಿಸಿಯಾದಂತೆ ಇನ್ನೂ ಕಡಿಮೆ. ನೀರು ಅಲುಗಾಡುತ್ತಿದ್ದರೆ ಮೇಲ್ಮೈಯಿಂದ ಅದು ಮತ್ತೆ ಮತ್ತೆ ಸೇರುತ್ತದೆ. ಆದಕಾರಣ ಅಲೆಯೆಬ್ಬಿಸುವ ಪಂಪನ್ನು ಆರಿಸುವಾಗ 12 ಅಥವಾ 24 ವೋಲ್ಟಿನಲ್ಲಿ ನಡೆಯುವ, ಬ್ಯಾಟರಿಗೆ ಜೋಡಿಸಬಹುದಾದ ಮಾದರಿಯನ್ನೇ ಕೊಳ್ಳಬೇಕು. ಗಂಟೆಗೆ ತೊಟ್ಟಿಯ ಹದಿನೈದು ಪಟ್ಟು, ಅಂದರೆ ಸುಮಾರು 1500 ಲೀಟರ್ ನೀರನ್ನು ತಳ್ಳುವ ಶಕ್ತಿ ಸಾಕು. ಒಂದೇ ದೊಡ್ಡದಕ್ಕಿಂತ ಚಿಕ್ಕವೆರಡು ಲೇಸು, ಒಂದು ಕೆಟ್ಟರೆ ಇನ್ನೊಂದು ನಡೆಯುತ್ತದೆ. 12 ವೋಲ್ಟ್ 20 ಆಂಪಿಯರ್ ಗಂಟೆಯ ಸೀಸದ ಬ್ಯಾಟರಿಯಲ್ಲಿ 240 ವ್ಯಾಟ್ ಗಂಟೆಯಷ್ಟು ಶಕ್ತಿಯಿದೆ; ಬ್ಯಾಟರಿಯ ಆಯುಷ್ಯಕ್ಕಾಗಿ ಅರ್ಧವನ್ನಷ್ಟೇ ಬಳಸಿದರೂ 10 ವ್ಯಾಟಿನ ಒಂದು ಪಂಪು ಹನ್ನೆರಡು ಗಂಟೆ ನಡೆಯುತ್ತದೆ. ಫ್ಯಾನುಗಳನ್ನೂ ಇದಕ್ಕೇ ಜೋಡಿಸಿದರೆ ಏಳೆಂಟು ಗಂಟೆ. ದೀಪಕ್ಕೆ ಬ್ಯಾಟರಿ ಬೇಡ. ಮೀನು ಕತ್ತಲೆಗೆ ಹೆದರುವುದಿಲ್ಲ.

ಶಾಲೆಯೆಂದಮೇಲೆ ಮಕ್ಕಳ ಕೈ ನೀರಿಗೆ ಇಳಿದೇ ಇಳಿಯುತ್ತದೆ. ಉಪ್ಪುನೀರು ವಿದ್ಯುತ್ತನ್ನು ಬಲು ಚೆನ್ನಾಗಿ ಒಯ್ಯುವಂತಹುದು. ತೊಟ್ಟಿಗೆ ಹೋಗುವ ವಿದ್ಯುತ್ ಮಾರ್ಗದಲ್ಲಿ 30 ಮಿಲಿ ಆಂಪಿಯರಿನ ಸೋರಿಕೆಗೆ ಕೂಡಲೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇಲ್ಲದೆ ಯಾವ ಉಪಕರಣವನ್ನೂ ಜೋಡಿಸಬಾರದು. ಇದರಲ್ಲಿ ಉಳಿತಾಯದ ಮಾತಿಲ್ಲ. ತಂತಿಗಳು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಮತ್ತೆ ಮೇಲೇರುವಂತಿರಲಿ. ಹನಿದ ನೀರು ಪ್ಲಗ್ಗಿನ ಕಡೆಗೆ ಹರಿಯದು.

ಡಿಸೆಂಬರ್ ಜನವರಿಯ ರಾತ್ರಿಗಳಿಗಾಗಿ 100 ವ್ಯಾಟಿನ ಹೀಟರೊಂದು ಬೇಕು. ಹೀಟರಿನೊಳಗಿನ ಉಷ್ಣತಾ ನಿಯಂತ್ರಕ ಕೈಕೊಟ್ಟು ತೊಟ್ಟಿ ಬೆಂದುಹೋಗುವ ಅಪಾಯವಿರುವುದರಿಂದ, ಹೊರಗಿನಿಂದ ನಡೆಯುವ ಪ್ರತ್ಯೇಕ ನಿಯಂತ್ರಕವನ್ನು ಕೊಳ್ಳುವುದು ಕ್ಷೇಮ. ಅದೇ ನಿಯಂತ್ರಕಕ್ಕೆ ಬೇಸಿಗೆಯಲ್ಲಿ ಫ್ಯಾನನ್ನು ಜೋಡಿಸಬಹುದು.

ಶೋಧಕದ ವಿಷಯದಲ್ಲಿ ಹಣ ಸುರಿಯುವ ಅಗತ್ಯವಿಲ್ಲ. ಮೀನಿನ ಮಲಿನದಿಂದ ಹುಟ್ಟುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟಿಗೂ ಇನ್ನೊಂದು ಬಗೆಯವು ನೈಟ್ರೇಟಿಗೂ ಮಾರ್ಪಡಿಸುತ್ತವೆ. ಅವುಗಳಿಗೆ ಬೇಕಾದುದು ರಂಧ್ರಮಯವಾದ ಶಿಲೆ. ಸುಟ್ಟ ಜೇಡಿಯಿಂದ ಮಾಡಿದ ಕೃತಕ ಶಿಲೆ ಹತ್ತು ಕಿಲೋಗ್ರಾಂ ಸಾಕು. ಮೇಲೆ ಹೇಳಿದ ನಮ್ಮ ಕಲಾದಗಿಯ ಸುಣ್ಣಕಲ್ಲನ್ನೇ ಹಾಕಬಾರದೇ ಎಂಬ ಅಭಿಮಾನದ ಪ್ರಶ್ನೆ ಬರಬಹುದು. ಆ ಕಲ್ಲು ಗಟ್ಟಿಯಾಗಿ ನೆರೆದುದರಿಂದ ರಂಧ್ರಗಳು ಕಡಿಮೆ, ಭಾರ ಹೆಚ್ಚು. ಅದು ಪ್ರದರ್ಶನದ ಕಪಾಟಿನಲ್ಲಿರಲಿ. ಮರಳೂ ಸುಣ್ಣದ್ದಾಗಿರಬೇಕು, ಹೊಳೆಯ ಮರಳಿನ ಮೇಲೆ ಒಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ನೊರೆ ಬರುವುದಿಲ್ಲ, ಸುಣ್ಣದ ಮರಳಿನ ಮೇಲೆ ಬಿಟ್ಟರೆ ಬರುತ್ತದೆ. ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರ್ ಎಂಬ ಯಂತ್ರವನ್ನು ಅನೇಕರು ಅನಿವಾರ್ಯವೆನ್ನುತ್ತಾರೆ. ಎರಡೇ ಮೀನಿರುವ, ವಾರಕ್ಕೆ ಹತ್ತನೆಯ ಒಂದು ಪಾಲು ನೀರು ಬದಲಿಸುವ ತೊಟ್ಟಿಗೆ ಅದು ಬೇಡವೆಂಬುದು ನನ್ನ ಅಭಿಪ್ರಾಯ. ದೀಪವೂ ಅಷ್ಟೆ: ಪಾಚಿಗೂ ನೋಟಕ್ಕೂ ಸಾಕಾಗುವ ಸಾಧಾರಣ ಎಲ್‌ಇಡಿ, ದಿನಕ್ಕೆ ಎಂಟು ಗಂಟೆ, ಗಡಿಯಾರದ ಸ್ವಿಚ್ಚಿನಿಂದ.

ಅಮೋನಿಯ, ನೈಟ್ರೈಟ್, ನೈಟ್ರೇಟ್‌ಗಳ ಪರೀಕ್ಷಾ ಪೆಟ್ಟಿಗೆಯನ್ನು ಮಾತ್ರ ಒಳ್ಳೆಯದನ್ನೇ ಕೊಳ್ಳಬೇಕು. ಉಳಿದುದಕ್ಕೆ ನಮ್ಮ ರಸಾಯನಶಾಸ್ತ್ರದ ಪ್ರಯೋಗಶಾಲೆಯೇ ಇದೆ. ಕ್ಷಾರತೆಯನ್ನು ಆಮ್ಲದಿಂದ, ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂಗಳನ್ನು ಇಡಿಟಿಎಯಿಂದ, ಕ್ಲೋರೈಡನ್ನು ಸಿಲ್ವರ್ ನೈಟ್ರೇಟಿನಿಂದ ಟೈಟ್ರೇಷನ್ ಮಾಡುವುದು ಪಠ್ಯದಲ್ಲಿ ಬಂದೇ ಬರುತ್ತದೆ. ಅಲ್ಲಿ ಬರಿಯ ಸೀಸೆಯ ದ್ರಾವಣವಾಗಿದ್ದುದು ಇಲ್ಲಿ ಎರಡು ಜೀವಗಳ ಕುಡಿಯುವ, ಉಸಿರಾಡುವ ನೀರಾಗುತ್ತದೆ. ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ ಬಂದಿತೇ, ಮೆಗ್ನೀಷಿಯಂ 1300ರ ಆಸುಪಾಸಿನಲ್ಲಿದೆಯೇ ಎಂದು ಹುಡುಗರು ಬ್ಯೂರೆಟ್ಟಿನ ಮುಂದೆ ಕಾತರದಿಂದ ನಿಲ್ಲುವರು. ಈ ಒಂದು ಕಾರಣಕ್ಕಾಗಿಯೇ ಈ ವೆಚ್ಚಕ್ಕೆ ನಾನು ಸಮ್ಮತಿಸುತ್ತೇನೆ. ಶೋಭೆಗಾಗಿ ಮಾತ್ರವಾದರೆ ಅದೇ ಹಣದಲ್ಲಿ ಗ್ರಂಥಾಲಯಕ್ಕೆ ಎರಡು ಕಪಾಟು ಪುಸ್ತಕ ಬರುತ್ತದೆ. ಹೆಚ್ಚಿನ ಸಲಹೆ ಬೇಕಾದವರಿಗೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ, ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಮಹಾವಿದ್ಯಾಲಯವಿದೆ.

ಕೊಳ್ಳುವ ಕ್ರಮವನ್ನೂ ಹೇಳಬೇಕು. ಫೆಬ್ರುವರಿಯಲ್ಲಿ ಕಟ್ಟೆ, ತೊಟ್ಟಿ, ಮಾಪಕಗಳು, ಪಂಪು, ಫ್ಯಾನು, ಪೂರಣದ ಡಬ್ಬಿ, ಬ್ಯಾಟರಿ. ಉಪ್ಪುನೀರನ್ನು ತುಂಬಿ, ಒಂದೂ ಜೀವಿಯಿಲ್ಲದೆ ಮೇ ಕೊನೆಯವರೆಗೆ ನಡೆಸಬೇಕು. ದಿನಕ್ಕೆ ಎರಡು ಬಾರಿ ಉಷ್ಣತೆಯನ್ನೂ ವಾರಕ್ಕೊಮ್ಮೆ ಲವಣಾಂಶವನ್ನೂ ಬರೆದಿಡಬೇಕು. ಮಧ್ಯಾಹ್ನ ಮೂರು ಗಂಟೆಯ ಅಂಕಿ ಬೇಸಿಗೆಯುದ್ದಕ್ಕೂ 28ರೊಳಗೆ ನಿಂತರೆ ಚಿಲ್ಲರ್ ಬೇಡ. ನಿಲ್ಲದಿದ್ದರೆ ಅದನ್ನು ಕೊಳ್ಳಬೇಕು, ಕೊಳ್ಳುವ ಶಕ್ತಿಯಿಲ್ಲದಿದ್ದರೆ ಯೋಜನೆಯನ್ನೇ ಕೈಬಿಟ್ಟು ತೊಟ್ಟಿಯನ್ನು ಮಲಪ್ರಭೆಯ ಸಿಹಿನೀರಿನ ಮೀನುಗಳಿಗೆ ಬಿಟ್ಟುಕೊಡಬೇಕು. ಹಾಗೆ ಮಾಡಿದರೆ ನಷ್ಟವಾಗುವುದು ನಾಲ್ಕು ಕಿಲೋಗ್ರಾಂ ಉಪ್ಪು. ಜೂನಿನಲ್ಲಿ ಶಾಲೆ ತೆರೆದ ಮೇಲೆ ಶಿಲೆ, ಮರಳುಗಳನ್ನು ಇಳಿಸಿ, ಪ್ರಯೋಗಶಾಲೆಯ ನವಸಾಗರವನ್ನು ಅರ್ಧ ಗ್ರಾಮಿಗಿಂತ ತುಸು ಹೆಚ್ಚು ಹಾಕಿದರೆ ಲೀಟರಿಗೆ ಎರಡು ಮಿಲಿಗ್ರಾಮಿನಷ್ಟು ಅಮೋನಿಯ ದೊರೆತು ಬ್ಯಾಕ್ಟೀರಿಯಗಳ ಬೆಳವಣಿಗೆ ಆರಂಭವಾಗುತ್ತದೆ. ನಾಲ್ಕರಿಂದ ಆರು ವಾರಗಳಲ್ಲಿ, ಹಾಕಿದ ಅಮೋನಿಯ ಒಂದೇ ದಿನದಲ್ಲಿ ಮಾಯವಾಗಿ ನೈಟ್ರೈಟೂ ಸೊನ್ನೆಯಾದಾಗ ಬಸವನಹುಳುಗಳು ಬರಲಿ. ಅವು ಒಂದು ತಿಂಗಳು ಸುಖವಾಗಿದ್ದರೆ ಮೀನುಗಳು.

ದೇಣಿಗೆಯ ಪತ್ರದಲ್ಲಿ ಇನ್ನೆರಡು ಸಾಲುಗಳಿರುವುದು ಅವಶ್ಯ. ಒಂದು, ಐದು ವರ್ಷಗಳ ಉಪ್ಪು ಮತ್ತು ರಾಳದ ವೆಚ್ಚ. ಇನ್ನೊಂದು, ಏಪ್ರಿಲ್ ಮೇ ರಜೆಯಲ್ಲಿಯೂ ಅಕ್ಟೋಬರಿನ ದಸರೆಯ ರಜೆಯಲ್ಲಿಯೂ ದಿನಕ್ಕೊಮ್ಮೆ ಬೀಗ ತೆಗೆದು ಮೀನಿಗೆ ಮೇವು ಹಾಕಿ, ಉಷ್ಣತೆ ನೋಡಿ, ವಾರಕ್ಕೊಮ್ಮೆ ಡಬ್ಬಿ ತುಂಬಿಸುವ ಸಿಪಾಯಿಗೆ ಸಲ್ಲಬೇಕಾದ ಗೌರವಧನ. ಬೇಸಿಗೆಯ ನಲವತ್ತೈದು ದಿನಗಳಿಗೆ ದಿನಕ್ಕೆ ಮೂರು ಲೀಟರಿನಂತೆ 135 ಲೀಟರ್, ಎಂದರೆ ಏಳು ಕ್ಯಾನು. ಅವುಗಳನ್ನು ಹೊತ್ತು ತರುವವರು ಅವರೇ.